ಅಂಗಳದ ಬಾಡಿಗೆ

ಶುಕ್ರವಾರ ಮಧ್ಯಾಹ್ನ ಮೂರು ಹೊಡೆಯಿತೆಂದರೆ ಶೇಷಮ್ಮ ಅಂಗಳದ ತಂತಿಯ ಮೇಲಿನ ಬಟ್ಟೆಯನ್ನೆಲ್ಲ ಎಳೆದುಕೊಂಡು ಒಳಗೆ ಬರುತ್ತಿದ್ದರು. ಒಣಗಿದ್ದರೆ ಸರಿ, ಹಸಿ ಇದ್ದರೆ ಬಚ್ಚಲುಮನೆಯ ಹಗ್ಗಕ್ಕೆ. ಬಾಗಿಲ ಮುಂದಿನ ಕಾಲೊರಸು, ಗೋಡೆಗೆ ಒರಗಿಸಿದ ಪೊರಕೆ, ತುಳಸಿಯ ಕುಂಡ, ಒಂದೊಂದಾಗಿ ಎಲ್ಲ ಒಳಗೆ. ಆಮೇಲೆ ಹಿಂಬಾಗಿಲಿಗೆ ಚಿಲಕ ಹಾಕಿದರೆ ಶನಿವಾರ ಸಂಜೆ ನಕ್ಷತ್ರ ಕಾಣುವವರೆಗೆ ಅದನ್ನು ತೆಗೆಯುವಂತಿರಲಿಲ್ಲ.

"ಅತ್ತೆ, ನಾವೂ ರೆಂಟ್ ಕೊಡ್ತೀವಿ. ಹಿಂದಿನ ಬಾಗಿಲು ತೆಗೆಯೋಕೂ ಪಂಚಾಂಗ ನೋಡ್ಬೇಕಾ?" ಎಂದು ಸೊಸೆ ತಾರಾ ಒಮ್ಮೆ ಕೇಳಿದ್ದಳು.

"ನೋಡ್ಬೇಕು ಕಣಮ್ಮ. ನಮ್ಮ ಪಂಚಾಂಗ ಅಲ್ಲ, ಪಕ್ಕದವರದು."

ಮೆಲ್ಬರ್ನಿನ ಆ ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ ಇದ್ದದ್ದು ಮೂರೇ ಮನೆ. ಮೂರರ ಹಿಂಬಾಗಿಲೂ ಒಂದೇ ಅಂಗಳಕ್ಕೆ. ಅಂಗಳದ ಸುತ್ತ ಆಳೆತ್ತರದ ಗೋಡೆ, ನಡುವೆ ಒಂದು ನಿಂಬೆಗಿಡ. ಮಗ ಲಕ್ಷ್ಮೀಶನಿಗೆ ಮೊದಲು ಸಿಡ್ನಿಯಲ್ಲಿ ಕೆಲಸ. ಚಾಟ್ಸ್‌ವುಡ್‌ನಲ್ಲಿ ಆಫೀಸು, ಗಿರಾವೀನ್‌ನಲ್ಲಿ ಮನೆ. ಅಲ್ಲಿ ಒಂದೊಂದು ಮನೆಯೂ ತನ್ನ ಹುಲ್ಲಿನ ನಡುವೆ ಮುನಿಸಿಕೊಂಡು ಕೂತ ಹಾಗೆ ಇತ್ತು. ತೊಂಬತ್ತರಲ್ಲಿ ಆಫೀಸಿನವರು ಅವನನ್ನು ಮೆಲ್ಬರ್ನಿಗೆ ಕಳಿಸಿದಾಗ ಈ ಅಂಗಳ ನೋಡಿ ಶೇಷಮ್ಮನ ಮುಖ ಅರಳಿತು. "ಇದು ವಠಾರ ಕಣೋ!" ಎಂದರು. ಮೈಸೂರಿನಲ್ಲಿ ಹನ್ನೊಂದು ಮನೆ, ಒಂದು ನಲ್ಲಿ ಇದ್ದ ವಠಾರದಲ್ಲಿ ಮೂವತ್ತನಾಲ್ಕು ವರ್ಷ ಬಾಳಿದವರು ಅವರು. ಓದಿದ್ದು ಎರಡನೇ ಕ್ಲಾಸು. ಆದರೆ ಒಂದು ಅಂಗಳದಲ್ಲಿ ಹನ್ನೊಂದು ಮನೆಯವರ ಮಡಿ, ಮೈಲಿಗೆ, ಮುನಿಸು ಹೇಗೆ ನಿಭಾಯಿಸಬೇಕು ಎಂಬುದನ್ನು ಅವರಿಗೆ ಯಾವ ಸ್ಕೂಲೂ ಹೇಳಿಕೊಡಬೇಕಾಗಿರಲಿಲ್ಲ.

ಎರಡನೇ ಬಾಗಿಲಿನಲ್ಲಿ ಎಮಾನುಯೆಲ್ ಎಂಬ ಮುದುಕರು, ಅವರ ಹೆಂಡತಿ ಗೆರ್ಟಾ. ಮೂರನೆಯದರಲ್ಲಿ ಅವರ ಮಗಳು ರೂತ್ ಮತ್ತು ಅಳಿಯ. ಯೆಹೂದಿಗಳು. ಎಮಾನುಯೆಲರಿಗೆ ಎಂಬತ್ತಮೂರು. ಪಾರ್ಶ್ವವಾಯು ಹೊಡೆದು ಕಾಲು ಬಿದ್ದುಹೋಗಿತ್ತು. ದಿನಾ ಹತ್ತು ಗಂಟೆಗೆ ಗೆರ್ಟಾ ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದು ನಿಂಬೆಗಿಡದ ಹತ್ತಿರ ಬಿಸಿಲಿಗೆ ಕೂರಿಸುತ್ತಿದ್ದರು.

ಶನಿವಾರ ಮಾತ್ರ ಇಲ್ಲ.

ಶೇಷಮ್ಮ ಬಂದ ಮೊದಲನೇ ತಿಂಗಳಲ್ಲೇ ಗಮನಿಸಿದ್ದರು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಆ ಮನೆಯಲ್ಲಿ ಎರಡು ದೀಪ ಹಚ್ಚುತ್ತಾರೆ. ಮಾರನೇ ದಿನ ಕತ್ತಲಾಗುವವರೆಗೆ ಒಲೆ ಹಚ್ಚುವುದಿಲ್ಲ, ಬೆಂಕಿಕಡ್ಡಿ ಗೀರುವುದಿಲ್ಲ. ಅದನ್ನು ಶಬ್ಬಾತ್ ಅನ್ನುತ್ತಾರೆ ಎಂದು ತಾರಾ ಹೇಳಿದಳು. ಹೆಸರು ಏನಾದರೇನು, ಮಡಿ ಕಂಡರೆ ಶೇಷಮ್ಮನಿಗೆ ಗೊತ್ತಾಗುವುದಿಲ್ಲವೆ? ವಠಾರದ ಮೂಲೆಮನೆಯ ಅಚ್ಚಮ್ಮ ಶ್ರಾದ್ಧದ ದಿನ ಹೀಗೇ ಮಾಡುತ್ತಿದ್ದರು. ತಂತಿಯ ಮೇಲೆ ಪಕ್ಕದ ಮನೆಯ ಒಂದು ಟವೆಲ್ಲು ನೇತಾಡುತ್ತಿದ್ದರೂ ಅಂಗಳಕ್ಕೆ ಕಾಲಿಡದೆ ಹೊಸಿಲಲ್ಲೇ ನಿಲ್ಲುತ್ತಿದ್ದರು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಉಳಿದವರೇ ಅರ್ಥ ಮಾಡಿಕೊಂಡು ಬಟ್ಟೆ ತೆಗೆಯಬೇಕು.

ಹಾಗೆಂದೇ ಇಲ್ಲಿಯೂ ಬಟ್ಟೆ ತೆಗೆದರು. ಮುದುಕರು ಬರಲಿಲ್ಲ. ಬಟ್ಟೆಯಲ್ಲ, ಪೊರಕೆ ಇರಬೇಕು ಎಂದುಕೊಂಡರು. ಪೊರಕೆ ಒಳಗೆ ಬಂತು. ಆಮೇಲೆ ತುಳಸಿ. ಆಮೇಲೆ ಇಂಗಿನ ವಾಸನೆಯೇನೋ ಎಂದು ಅನುಮಾನ ಬಂದು ಶನಿವಾರ ಒಗ್ಗರಣೆಯೇ ನಿಂತಿತು. ಹೇಗೂ ಶನಿವಾರ ಅವರಿಗೆ ವೆಂಕಟರಮಣನ ಒಪ್ಪತ್ತು, ಮೊಸರವಲಕ್ಕಿಯಲ್ಲೇ ಮುಗಿಯುತ್ತಿತ್ತು. ಎರಡು ವರ್ಷ ಹೀಗೆ ನಡೆಯಿತು. ಎರಡು ವರ್ಷ ಶನಿವಾರದ ಬಿಸಿಲು ಯಾರೂ ಇಲ್ಲದ ಅಂಗಳಕ್ಕೆ ಬಂದು ಹೋಯಿತು.

ಬುಧವಾರ ತಾರಾಗೆ ರಜೆ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಅವರೆಕಾಯಿಯೋ ಬಟಾಣಿಯೋ ಬಿಡಿಸುತ್ತ ಅಂಗಳದಲ್ಲಿ ಕೂತರೆ ಎಮಾನುಯೆಲ್ ಕಥೆ ಶುರುಮಾಡುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳುವುದು, ತಾರಾ ಕನ್ನಡಕ್ಕೆ ತಿರುಗಿಸುವುದು. ಯುದ್ಧಕ್ಕೆ ಮುಂಚೆ ಅವರು ಜರ್ಮನಿಯಲ್ಲಿ ರೈನ್ ನದಿಯ ದಂಡೆಯ ಒಂದು ಊರಿನಲ್ಲಿ ಹಳೇ ಕಾಗದಪತ್ರಗಳನ್ನು ಕಾಯುವ ಕೆಲಸದಲ್ಲಿದ್ದರಂತೆ. ಎಂಟುನೂರು ವರ್ಷದ ಹಿಂದೆ ಆ ಊರಿನ ಯೆಹೂದಿಗಳ ಕೇರಿಯಲ್ಲಿ ಯಾರ ಮನೆ ಯಾವ ಮೂಲೆಯಲ್ಲಿತ್ತು, ಯಾರು ಯಾರೊಡನೆ ನೀರಿಗಾಗಿ ಜಗಳವಾಡಿದರು, ಎಲ್ಲ ಅದರಲ್ಲಿ ಬರೆದಿತ್ತಂತೆ.

"ಆ ಕಾಗದ ಎಲ್ಲ ಈಗ ಎಲ್ಲಿದೆ ಕೇಳೇ," ಎಂದರು ಶೇಷಮ್ಮ.

"ಸುಟ್ಟುಬಿಟ್ರಂತೆ ಅತ್ತೆ. ಕಾಗದಾನೂ, ಕೇರೀನೂ. ಈಗ ಇರೋದು ಇವರ ತಲೆಯಲ್ಲಿ ಮಾತ್ರ ಅಂತೆ."

ಶೇಷಮ್ಮ ಕೈಯಲ್ಲಿದ್ದ ಸಿಪ್ಪೆಯನ್ನು ಬದಿಗಿಟ್ಟರು. ಆಮೇಲೆ, "ತಲೆಯಲ್ಲಿ ಇದ್ರೆ ಇನ್ನೂ ಇದೆ ಅಂತ್ಲೇ ಲೆಕ್ಕ. ಹೇಳೋಕೆ ಹೇಳು," ಎಂದರು.

ಎಮಾನುಯೆಲ್ ಹೇಳುತ್ತಿದ್ದ ಕೇರಿಯಲ್ಲಿ ರಾಜರಿರಲಿಲ್ಲ, ಯುದ್ಧವಿರಲಿಲ್ಲ. ಬರೀ ಬೆಳಗು, ಒಲೆ, ನೀರು. ಇನ್ನೂ ಕತ್ತಲಿರುವಾಗ ಒಬ್ಬ ಮರದ ಸುತ್ತಿಗೆ ಹಿಡಿದು ಮನೆಮನೆಯ ಬಾಗಿಲು ಬಡಿದು ಪ್ರಾರ್ಥನೆಗೆ ಎಬ್ಬಿಸುತ್ತಿದ್ದ. ದಿನಾ ಮೂರು ಏಟು. ಒಂದು ದಿನ ಎರಡೇ ಏಟು ಕೇಳಿಸಿತೆಂದರೆ ಕೇರಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ಎಲ್ಲರೂ ಎದ್ದು ಕೂರುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಪ್ರತಿ ಮನೆಯಿಂದಲೂ ಒಂದು ಮಣ್ಣಿನ ಗಡಿಗೆ ಕೇರಿಯ ದೊಡ್ಡ ಒಲೆಗೆ ಹೋಗುತ್ತಿತ್ತು. ಒಳಗೆ ಕಾಳು, ಜವೆಗೋಧಿ, ಇನ್ನೊಂದು ಏನೋ. ಆ ಇನ್ನೊಂದನ್ನು ತಾರಾ ನುಂಗಿಕೊಂಡಳು.

"ಏನೋ ಬಿಟ್ಟೆ ನೀನು," ಎಂದರು ಶೇಷಮ್ಮ.

"ಈರುಳ್ಳಿ, ಅತ್ತೆ."

"ಈರುಳ್ಳಿಗೆ ಇಷ್ಟು ಯೋಚನೆ ಮಾಡಿದ್ಯಾ? ಹೋಗ್ಲಿ, ಮುಂದಕ್ಕೆ ಹೇಳು. ಅವರ ಗಡಿಗೆ, ಅವರಿಷ್ಟ."

ಗಡಿಗೆಯ ಬಾಯಿಗೆ ಹಿಟ್ಟು ಮೆತ್ತಿ, ಒಲೆಯ ಬಾಗಿಲಿಗೆ ಜೇಡಿಮಣ್ಣು ಮೆತ್ತಿ ಬಿಟ್ಟರೆ ರಾತ್ರಿಯೆಲ್ಲ ಸಣ್ಣ ಬಿಸಿಯಲ್ಲಿ ಬೇಯುತ್ತಿತ್ತು. ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಬಿಸಿ ಊಟ. ಒಂದು ಸಲ ಸಾಹುಕಾರನ ಗಡಿಗೆ, ಗಂಡ ಸತ್ತ ಬಡ ಹೆಂಗಸಿನ ಗಡಿಗೆ ಅದಲುಬದಲಾಯಿತಂತೆ. ಸಾಹುಕಾರ ಮುಚ್ಚಳ ತೆಗೆದ. ನೀರಿನಲ್ಲಿ ನಾಲ್ಕು ಕಾಳು. ಸದ್ದಿಲ್ಲದೆ ತಿಂದು ಕೈ ತೊಳೆದ. ಮಾರನೇ ವಾರ ತಾನೇ ಬೇಗ ಹೋಗಿ, ಬೇಕೆಂದೇ ಅವಳ ಗಡಿಗೆ ಎತ್ತಿಕೊಂಡು ಬಂದ. ಸಾಯುವವರೆಗೂ ಶನಿವಾರ ಅವನು ತಿಂದದ್ದು ಆ ಗಂಜಿಯನ್ನೇ.

ಶೇಷಮ್ಮ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದರು. "ಹೆಂಡತಿ ಏನೂ ಅನ್ಲಿಲ್ವಂತಾ?"

ಎಮಾನುಯೆಲ್ ನಕ್ಕರು. ಅವರ ಬಾಯಿಯ ಒಂದು ಪಕ್ಕ ಮಾತ್ರ ನಗುತ್ತಿತ್ತು. "ಅದನ್ನ ಬರೆದಿಟ್ಟಿಲ್ಲ. ಬರೆಯೋರು ಗಂಡಸರಾಗಿದ್ರಲ್ಲ," ಎಂದರು.

ಇನ್ನೊಂದು ಬುಧವಾರ ಚರ್ಮ ಹದಮಾಡುವವನ ಕಥೆ ಹೇಳಿದರು. ಕೇರಿಯ ಒಂದು ಅಂಗಳದಲ್ಲಿ ಐದು ಮನೆ ಯೆಹೂದಿಗಳದು, ಆರನೆಯದು ಒಬ್ಬ ಕ್ರೈಸ್ತನದು. ಅವನ ಕೈಯಿಂದ ಅಂಗಳ ಬಾಡಿಗೆಗೆ ಬಾರದೆ ಶಬ್ಬಾತ್ ದಿನ ಉಳಿದವರ ಗಡಿಗೆ ಅಂಗಳ ದಾಟುವಂತಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಅವನಿಗೆ ಒಂದು ಹಿಡಿ ಉಪ್ಪು ಕೊಡುವುದು ರೂಢಿ. ಒಂದು ವರ್ಷ ಅವನು ಇಲ್ಲ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ನೋಡೋಣ, ನಾಳೆ ನೋಡೋಣ ಎನ್ನುತ್ತ ಸಂತೆಗೆ ಹೊರಟುಹೋದ. ಶುಕ್ರವಾರ ಹೊತ್ತು ಇಳಿಯುತ್ತಿತ್ತು. ಆಗ ಅವನ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ನಾನೂ ಈ ಮನೆಯವಳೇ, ಉಪ್ಪು ನನ್ನ ಕೈಲಿ ಕೊಡಿ ಎಂದಳಂತೆ. ಹಿರಿಯರು ಕೂತು ಯೋಚಿಸಿ, ಒಂದು ಮನೆಯ ಒಲೆಯಲ್ಲಿ ಉಣ್ಣುವವರು ಯಾರು ಕೊಟ್ಟರೂ ಆ ಮನೆ ಕೊಟ್ಟ ಹಾಗೆಯೇ ಎಂದು ತೀರ್ಮಾನಿಸಿದರಂತೆ.

ಅವತ್ತು ಅಷ್ಟು ಹೇಳಿ ಎಮಾನುಯೆಲ್ ಕಥೆ ನಿಲ್ಲಿಸಿದರು. ಶೇಷಮ್ಮನ ಮುಖವನ್ನೇ ನೋಡುತ್ತಿದ್ದರು. ಶೇಷಮ್ಮ, "ಜಾಣೆ ಅವಳು," ಎಂದಷ್ಟೇ ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದರು.

ಆ ಚಳಿಗಾಲದಲ್ಲಿ ಮುದುಕರಿಗೆ ಎರಡನೇ ಸಲ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಿಂದ ಬರುವಾಗ ಅರ್ಧ ಆಳಾಗಿದ್ದರು. ಇನ್ನೊಂದು ಚಳಿಗಾಲ ನೋಡುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ. ಆಗಸ್ಟ್ ಕೊನೆಯಲ್ಲಿ ರೂತ್‌ಗೆ ಹೆಣ್ಣುಮಗು ಹುಟ್ಟಿತು.

ಮಗು ಮನೆಗೆ ಬಂದ ಮೊದಲನೇ ಶುಕ್ರವಾರ. ಶೇಷಮ್ಮ ಎಂದಿನಂತೆ ಚಿಲಕ ಹಾಕಿ ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಎದುರು ಮನೆಯ ಹೊಸಿಲಿನ ಒಳಗೆ ರೂತ್ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಇತ್ತ, ತಮ್ಮ ಹೊಸಿಲಿನ ಒಳಗೆ, ಎಮಾನುಯೆಲ್ ಗಾಲಿಕುರ್ಚಿಯಲ್ಲಿ. ನಡುವೆ ಇಪ್ಪತ್ತು ಹೆಜ್ಜೆ ಅಂಗಳ. ಮುದುಕರು ಆಡುವ ಒಂದು ಕೈಯನ್ನು ಗಾಳಿಯಲ್ಲಿ ಎತ್ತಿ, ಅಲ್ಲಿಲ್ಲದ ಒಂದು ಪುಟ್ಟ ತಲೆಯ ಮೇಲೆ ಇಟ್ಟ ಹಾಗೆ ಹಿಡಿದುಕೊಂಡು ಏನೋ ಹೇಳುತ್ತಿದ್ದರು. ಗೆರ್ಟಾ ಆ ಕೈಯನ್ನು ಹಿಡಿದು ಕೆಳಗಿಳಿಸಿದರು. ಎರಡು ಬಾಗಿಲೂ ಮುಚ್ಚಿಕೊಂಡವು.

ಶೇಷಮ್ಮನ ಕೈಯ ತಟ್ಟೆ ತೊಟ್ಟಿಯಲ್ಲೇ ಉಳಿಯಿತು. ಇನ್ನೇನು ಒಳಗಿಡುವುದು ಬಾಕಿ ಇದೆ? ತಂತಿ ಬೋಳಾಗಿದೆ. ಅಂಗಳದಲ್ಲಿ ತನ್ನದೊಂದು ಕಡ್ಡಿಯೂ ಇಲ್ಲ. ಇನ್ನು ತಾನೇ ಮೈಲಿಗೆಯೆ?

ಬುಧವಾರದವರೆಗೆ ತಡೆದುಕೊಂಡರು. ಬುಧವಾರ ತಾರಾಳನ್ನು ಕೂರಿಸಿಕೊಂಡು, "ನೀನು ಹೋಗಿ ಗೆರ್ಟಮ್ಮನ್ನ ಕೇಳು. ನಾನು ಇನ್ನೂ ಏನು ತೆಗೀಬೇಕು ಅಂತ ಕೇಳು. ತುಳಸಿ ಬೇಡ ಅಂದ್ರೆ ಬಚ್ಚಲಲ್ಲೇ ಇಡ್ತೀನಿ. ನಾಚಿಕೆ ಮಾಡ್ಕೋಬೇಡಿ ಅಂತ ಹೇಳು," ಎಂದರು.

ತಾರಾ ಹೋದವಳು ಮುಕ್ಕಾಲು ಗಂಟೆ ಬರಲಿಲ್ಲ. ಬಂದಾಗ ನಗಬೇಕೋ ಅಳಬೇಕೋ ತಿಳಿಯದ ಮುಖ.

"ಅತ್ತೆ, ಅವರು ಏನು ತಿಳ್ಕೊಂಡಿದ್ರು ಗೊತ್ತಾ? ನಮ್ಮ ಹಬ್ಬದ ದಿನವೇ ಈ ಇಂಡಿಯನ್ ಅಜ್ಜಿ ಬಾಗಿಲು ಹಾಕ್ಕೊಂಡು, ಗಿಡ ಕೂಡ ಒಳಗೆ ಎತ್ತಿಟ್ಕೊಳ್ತಾಳೆ. ಬುಧವಾರ ಜೊತೆಗೆ ಕೂತ್ರೂ ನಮ್ಮ ಶಬ್ಬಾತ್ ಕಂಡ್ರೆ ಅವಳಿಗೆ ಆಗಲ್ಲ ಅಂತ."

"ಅಯ್ಯೋ ರಾಮ!"

"ಎರಡು ವರ್ಷದಿಂದ."

"ಸಾಕು ಮಾಡೇ. ನಾನೇನು ತೆಗೀಬೇಕಂತೆ?"

"ಏನೂ ತೆಗೆಯೋದು ಬೇಡ. ಕೊಡ್ಬೇಕಂತೆ."

ತಾರಾ ಬಿಡಿಸಿ ಹೇಳಿದಳು. ಶಬ್ಬಾತ್ ದಿನ ಮನೆಯೊಳಗೆ ಏನು ಬೇಕಾದರೂ ಎತ್ತಿಕೊಂಡು ಓಡಾಡಬಹುದು. ಹತ್ತು ಜನ ಹಂಚಿಕೊಂಡ ಅಂಗಳಕ್ಕೆ ಏನನ್ನೂ ಒಯ್ಯುವಂತಿಲ್ಲ. ಪಾತ್ರೆಯಾಗಲಿ, ಹಸುಗೂಸಾಗಲಿ, ತಳ್ಳುವ ಕುರ್ಚಿಯಾಗಲಿ. ಎಲ್ಲ ಮನೆಯವರೂ ಸೇರಿ ಒಂದು ರೊಟ್ಟಿ ಒಂದು ಮನೆಯಲ್ಲಿಟ್ಟರೆ ಅಂಗಳವೆಲ್ಲ ಸೇರಿ ಒಂದೇ ಮನೆ ಆಗುತ್ತದೆ, ಆಗ ಒಯ್ಯಬಹುದು. ಆದರೆ ಅಂಗಳದಲ್ಲಿ ಬೇರೆ ಮತದವರ ಮನೆ ಇದ್ದರೆ ಬರೀ ರೊಟ್ಟಿ ಸಾಲದು, ಅವರ ಪಾಲಿನ ಅಂಗಳವನ್ನು ಬಾಡಿಗೆಗೆ ತೆಗೆದುಕೊಳ್ಳಬೇಕು. ಎಂಟುನೂರು ವರ್ಷದ ಹಿಂದೆ ಆ ಕೇರಿಯಲ್ಲಿ ಹೇಗೋ, ಇಲ್ಲಿಯೂ ಹಾಗೇ. ಮುಂಚೆ ಶೇಷಮ್ಮನವರ ಈ ಮನೆಯಲ್ಲಿದ್ದ ಇಟಲಿಯ ಹೆಂಗಸು ಒಂದು ಡಬ್ಬಿ ಬಿಸ್ಕತ್ತಿಗೆ ಕೊಟ್ಟಿದ್ದಳು. ಅವಳು ಮನೆ ಬಿಟ್ಟ ದಿನವೇ ಅದು ಮುಗಿಯಿತು.

"ಒಂದೇ ಒಲೆ ಅಂದ್ರೆ ಒಂದೇ ಮನೆ. ಸರಿಯಾಗೇ ಇದೆ," ಎಂದರು ಶೇಷಮ್ಮ. "ಮಗೂನ ಹೊತ್ತು ಮುಳುಗೋ ಮುಂಚೆನೇ ಅಜ್ಜನ ಮನೆಗೆ ಕರ್ಕೊಂಡು ಬರಬಾರ್ದಾ?"

"ಬಂದ್ರೆ ಶನಿವಾರ ರಾತ್ರಿವರೆಗೆ ವಾಪಸ್ ಒಯ್ಯೋ ಹಾಗಿಲ್ಲ. ಇರೋದು ಒಂದು ರೂಮು, ಅಜ್ಜನಿಗೆ ನಿದ್ದೆ ಇಲ್ಲ, ಬಾಣಂತಿ ಬೇರೆ. ಶುಕ್ರವಾರ ದೀಪ ಹಚ್ಚಿದ ಮೇಲೆ ಮಕ್ಕಳ ತಲೆ ಮೇಲೆ ಕೈಯಿಟ್ಟು ಹರಸೋದು ಅವರಲ್ಲಿ ಮುಖ್ಯ ಅಂತೆ. ಆ ಕೇರಿ ಕಾಲದಿಂದ್ಲೂ. ಒಂದು ಶುಕ್ರವಾರನಾದ್ರೂ ಆ ಮಗು ತಲೆ ಮುಟ್ಟಿ ಹರಸಬೇಕು ಅನ್ನೋದೊಂದೇ ಅವರ ಆಸೆ ಅಂತ ಗೆರ್ಟಾ ಆಂಟಿ ಕಣ್ಣೀರು ಹಾಕಿದ್ರು."

"ಮತ್ತೆ ಬಾಯಿಬಿಟ್ಟು ಕೇಳೋದಲ್ವಾ ನಮ್ಮನ್ನ?"

ತಾರಾ ಸೆರಗಿಲ್ಲದ ಭುಜದ ಮೇಲೆ ಸೆರಗು ಸರಿಮಾಡಿಕೊಳ್ಳುವವಳಂತೆ ಕೈಯಾಡಿಸಿದಳು. "ಕೇಳಿದ್ರಂತೆ. ನಾವು ಬಂದ ತಿಂಗಳಲ್ಲೇ. ಇವರನ್ನ."

ಇವರು ಎಂದರೆ ಲಕ್ಷ್ಮೀಶ. ಸಂಜೆ ಅವನು ಟೈ ಬಿಚ್ಚುವುದಕ್ಕೂ ಬಿಡಲಿಲ್ಲ ಶೇಷಮ್ಮ.

"ಹೌದಮ್ಮ, ಕೇಳಿದ್ರು. ನೋಡ್ತೀನಿ ಅಂದಿದ್ದೆ," ಎಂದ ಅವನು.

"ಎರಡು ವರ್ಷ ನೋಡಿದ್ದು ಸಾಲ್ದಾ?"

"ನಿನಗೆ ಇಲ್ಲಿಯ ರೂಲ್ಸ್ ಗೊತ್ತಾಗಲ್ಲಮ್ಮ. ಇದು ಲೀಸು. ನಾವೇ ಬಾಡಿಗೆಗೆ ಇರೋದು, ನಾವು ಇನ್ನೊಬ್ಬರಿಗೆ ಬಾಡಿಗೆ ಕೊಟ್ರೆ ಸಬ್‌ಲೆಟ್ ಆಗತ್ತೆ. ಏಜೆಂಟ್ ನೋಟೀಸ್ ಕೊಟ್ರೆ? ನಾಳೆ ಮಾರ್ಟ್‌ಗೇಜಿಗೆ ಅಪ್ಲೈ ಮಾಡುವಾಗ ರೆಫರೆನ್ಸ್ ಬೇಕು."

"ಅವರು ಅಂಗಳದಲ್ಲಿ ಮನೆ ಕಟ್ತಾರೇನೋ? ಕೂಸನ್ನ ಎತ್ಕೊಂಡು ಇಪ್ಪತ್ತು ಹೆಜ್ಜೆ ನಡೀತಾರೆ!"

"ಬೇಡ ಅಂತ ನಾನೆಲ್ಲಿ ಅಂದೆ? ಸೋಮವಾರ ಏಜೆಂಟ್‌ನ ಒಂದು ಮಾತು ಕೇಳ್ತೀನಿ."

"ಯಾವ ಸೋಮವಾರ?" ಎಂದಳು ತಾರಾ, ಅನ್ನ ಬಡಿಸುತ್ತ.

ಸೋಮವಾರ ಬಂತು, ಹೋಯಿತು. ಏಜೆಂಟು ಊರಿನಲ್ಲಿರಲಿಲ್ಲ. ಮುಂದಿನ ಸೋಮವಾರ ಲಕ್ಷ್ಮೀಶನಿಗೇ ಮೀಟಿಂಗು. ಮಗ ಕೆಟ್ಟವನಲ್ಲ, ಶೇಷಮ್ಮನಿಗೆ ಗೊತ್ತು. ಪರದೇಶದಲ್ಲಿ ಒಂದು ಕಾಗದಕ್ಕೂ ಹೆದರಿ ಬದುಕಿದವನು. ಆದರೆ ಆ ಎರಡು ಶುಕ್ರವಾರವೂ ಅವರು ಕಿಟಕಿಯಲ್ಲಿ ನಿಂತು ನೋಡಿದರು. ಎರಡನೇ ಶುಕ್ರವಾರ ಮುದುಕರು ಕೈ ಎತ್ತಲಿಲ್ಲ. ಎತ್ತಲು ಆಗಲಿಲ್ಲವೋ ಏನೋ. ಬರೀ ನೋಡಿದರು.

ಮೂರನೇ ಶುಕ್ರವಾರ ಮೂರು ಗಂಟೆಗೆ ಶೇಷಮ್ಮ ತಂತಿಯ ಮೇಲಿನ ಬಟ್ಟೆಗೆ ಕೈಹಾಕಿದರು. ಮಗನ ಅಂಗಿಯ ತೋಳು ಹಿಡಿದುಕೊಂಡು ಹಾಗೇ ನಿಂತರು. ನೋಡೋಣ, ನಾಳೆ ನೋಡೋಣ ಎಂದದ್ದು ಯಾರು? ಚರ್ಮ ಹದಮಾಡುವವನು. ಸಂತೆಗೆ ಹೋದವನು. ಹಿಟ್ಟಿನ ಕೈಯಲ್ಲಿ ಹೊರಗೆ ಬಂದವಳು?

ಆ ಕಥೆಯನ್ನು ಮುದುಕರು ಸುಮ್ಮನೆ ಹೇಳಿರಲಿಲ್ಲ. ಒಮ್ಮೆ ಮನೆಯ ಯಜಮಾನನನ್ನು ಕೇಳಿಯಾಗಿದೆ, ಎರಡನೇ ಸಲ ಕೇಳಿದರೆ ಮರ್ಯಾದೆಯಲ್ಲ. ಅದಕ್ಕೆ ಎಂಟುನೂರು ವರ್ಷ ಸುತ್ತಿಕೊಂಡು ಬಂದು ತನ್ನ ಮುಂದೆ ಕೈಯೊಡ್ಡಿ ಕೂತಿದ್ದರು. ತಾನೋ, "ಜಾಣೆ ಅವಳು" ಅಂದು ಮೊರ ಎತ್ತಿಕೊಂಡು ಎದ್ದುಹೋದದ್ದಾಯಿತು.

ಅಂಗಿಯನ್ನು ತಂತಿಯ ಮೇಲೇ ಬಿಟ್ಟು ಶೇಷಮ್ಮ ಹಿಂಬಾಗಿಲಲ್ಲಿ ತಲೆಯಿಟ್ಟು ಕೂಗಿದರು. "ತಾರಾ, ಡ್ಯೂಟಿಗೆ ಹೊರಡೋ ಮುಂಚೆ ಐದು ನಿಮಿಷ ಬಾ. ನನ್ನ ಬಾಯಾಗು."

ಗೆರ್ಟಾ ಬಾಗಿಲು ತೆಗೆದರು. ಮೈಮೇಲೆ ಏಪ್ರನ್ನು, ಹಿಂದೆ ಸೂಪಿನ ಆವಿ. ಹೊಸಿಲ ಒಳಗೇ ಗಾಲಿಕುರ್ಚಿಯಲ್ಲಿ ಎಮಾನುಯೆಲ್.

"ನಮ್ಮ ಪಾಲಿನ ಅಂಗಳ ಕೊಟ್ಟಿದ್ದೀನಿ ಅಂತ ಹೇಳು. ಏನೂ ಬೇಡ, ಸುಮ್ಮನೆ ಕೊಟ್ಟಿದ್ದೀನಿ ಅನ್ನು."

ತಾರಾ ಹೇಳಿದಳು. ಮುದುಕರ ಕಣ್ಣು ಮಿಂಚಿತು. ಆದರೆ ತಲೆ ಅಡ್ಡಡ್ಡ ಆಡಿಸಿದರು.

"ಸುಮ್ಮನೆ ಕೊಟ್ರೆ ಆಗಲ್ವಂತೆ ಅತ್ತೆ. ಬಾಡಿಗೆ ಅಂದ್ಮೇಲೆ ನೀವು ಅವರ ಕೈಯಿಂದ ಏನಾದ್ರೂ ತಗೊಳ್ಳೇಬೇಕಂತೆ."

ಗೆರ್ಟಾ ಪರ್ಸಿಗೆ ಕೈಹಾಕಿದರು. ಶೇಷಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ದುಡ್ಡಾ? ವಠಾರದಲ್ಲಿ ಪಕ್ಕದವರಿಗೆ ಅಂಗಳ ಬಿಟ್ಟುಕೊಟ್ಟು ಕಾಸು ಈಸ್ಕೊಳ್ಳೋದಾ? ನಮ್ಮತ್ತೆ ಮೇಲಿಂದ ನೋಡ್ತಿದ್ರೆ ನನಗೆ ಶಾಪ ಹಾಕ್ತಾರೆ."

"ಬಿಸ್ಕತ್ತು ಕೊಡ್ಲಾ ಅಂತಾರೆ."

"ಅವರು ನಮ್ಮನೇದು ತಿನ್ನಲ್ಲ, ನಾನು ಅವರ ಮನೇದು ತಿನ್ನಲ್ಲ. ಅದು ಸಮ ಆಗಿದೆ, ಅದನ್ನ ಕೆಡಿಸೋದು ಬೇಡ."

ಹೊರಗೆ ಬಿಸಿಲು ಗೋಡೆ ಏರತೊಡಗಿತ್ತು. ನಾಲ್ವರೂ ಹೊಸಿಲಿನ ಆಚೀಚೆ ಉಳಿದರು. ಕೊಡುವವರಿಗೂ ಆತುರ, ತೆಗೆದುಕೊಳ್ಳುವವರಿಗೂ ಆತುರ, ನಡುವೆ ಇಡುವ ವಸ್ತು ಮಾತ್ರ ಇಲ್ಲ. ಶೇಷಮ್ಮ ಮನೆಯ ಒಳಗೆಲ್ಲ ಕಣ್ಣಾಡಿಸಿದರು. ಮೇಜಿನ ಮೇಲೆ ಬಿಳೀ ಬಟ್ಟೆ, ಎರಡು ಮೇಣದ ಬತ್ತಿ. ಬತ್ತಿಗಳ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ.

"ಅದು ಅವರಿಗೆ ಇವತ್ತು ದೀಪ ಹಚ್ಚಿದ ಮೇಲೆ ನಾಳೆ ರಾತ್ರಿವರೆಗೆ ಬೇಕಿಲ್ಲ ಅಲ್ವಾ?" ಎಂದರು. "ನಾಳೆ ಶನಿವಾರ ಬೆಳಿಗ್ಗೆ ನಾನು ವೆಂಕಟರಮಣನಿಗೆ ಎಣ್ಣೆ ದೀಪ ಹಚ್ಬೇಕು. ಅದನ್ನ ಕೊಡಲಿ. ಅವರು ಮುಟ್ಟದೇ ಇರೋ ಬೆಂಕೀನ ನಾನು ಮುಟ್ತೀನಿ."

ತಾರಾ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಒಂದು ಕಡೆ ತಡವರಿಸಿದಳು. ಎಮಾನುಯೆಲ್ ಕೈ ಎತ್ತಿ ಅವಳನ್ನು ನಿಲ್ಲಿಸಿದರು, ಅರ್ಥವಾಗಿದೆ ಎಂಬಂತೆ. ಗೆರ್ಟಾ ಒಲೆಯಿಂದ ಹೊತ್ತಿಸಿಕೊಳ್ಳಲು ಎರಡು ಕಡ್ಡಿ ತೆಗೆದಿಟ್ಟುಕೊಂಡು ಪೊಟ್ಟಣವನ್ನು ಗಂಡನ ಅಂಗೈಯಲ್ಲಿಟ್ಟರು. ಆ ಕೈ ಬಹಳ ಹೊತ್ತು ತೆಗೆದುಕೊಂಡು ಹೊಸಿಲಿನವರೆಗೆ ಬಂತು. ಶೇಷಮ್ಮ ಬಾಗಿನ ಹಿಡಿಯುವ ಹಾಗೆ ಸೆರಗು ಒಡ್ಡಿದರು. ಪೊಟ್ಟಣ ಬಿತ್ತು.

"ಎಷ್ಟು ದಿನಕ್ಕೆ ಅಂತ ಕೇಳ್ತಿದ್ದಾರೆ ಅತ್ತೆ."

"ನಾವು ಈ ಮನೇಲಿ ಇರೋವರೆಗೂ. ಆಮೇಲೆ ಬರೋರಿಗೆ ಬೇಕಿದ್ರೆ ನಾನೇ ಬಂದು ಹೇಳ್ತೀನಿ ಅನ್ನು."

ಎಮಾನುಯೆಲ್ ನಿಧಾನವಾಗಿ ಏನೋ ಹೇಳಿದರು. ತಾರಾ ಅತ್ತೆಯ ಕಡೆ ತಿರುಗಿದಳು. "ಉಪ್ಪು ತಗೊಂಡ ಆ ಹೆಂಗಸಿನ ಹೆಸರು ಬರೆಯೋದು ಬಿಟ್ಟುಬಿಟ್ಟಿದ್ರಂತೆ. ನಿಮ್ಮ ಪೂರ್ತಿ ಹೆಸರು ಕೇಳ್ತಿದ್ದಾರೆ."

"ಬರೆಯೋದೇನು ಬೇಡ. ಅವರ ತಲೆಯಲ್ಲಿ ಇಟ್ಕೊಳ್ಳಲಿ. ಶೇಷಮ್ಮ ಅನ್ನು. ಅಷ್ಟೇ, ಇನ್ನು ಪೂರ್ತಿ ಏನಿದೆ?"

ಸಂಜೆ ಲಕ್ಷ್ಮೀಶ ಮನೆಗೆ ಬಂದಾಗ ಹಿಂಬಾಗಿಲು ಹಾರುಹೊಡೆದಿತ್ತು. ತುಳಸಿ ಹೊರಗೇ ಇತ್ತು. ತಂತಿಯ ಮೇಲೆ ಅವನ ಅಂಗಿ ತೂಗುತ್ತಿತ್ತು. ತಾಯಿ ಹೊಸಿಲ ಮೇಲೆ ಕಾಲು ಚಾಚಿ ಕೂತಿದ್ದರು. ಎದುರು ಬಾಗಿಲಿಂದ ರೂತ್ ಮಗುವನ್ನು ಬಿಳಿಯ ಶಾಲಿನಲ್ಲಿ ಸುತ್ತಿಕೊಂಡು ಅಂಗಳಕ್ಕೆ ಇಳಿದಳು. ಹಿಂದೆ ಅವಳ ಗಂಡ, ಬಟ್ಟೆ ಸುತ್ತಿದ ಒಂದು ದೊಡ್ಡ ಪಾತ್ರೆ ಹಿಡಿದು. ನಿಂಬೆಗಿಡದ ಹತ್ತಿರ ಗೆರ್ಟಾ ಗಾಲಿಕುರ್ಚಿಯನ್ನು ನಿಲ್ಲಿಸಿದ್ದರು.

"ಅಮ್ಮ, ಇದೇನು? ನಾನು ಏಜೆಂಟ್‌ನ ಇನ್ನೂ ಕೇಳಿಲ್ಲ..."

"ನೀನು ಕೇಳ್ತಾ ಇರು. ನಾನು ಕೊಟ್ಟಾಯ್ತು."

"ಎಷ್ಟಕ್ಕೆ?"

ಶೇಷಮ್ಮ ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ತೋರಿಸಿದರು. ಲಕ್ಷ್ಮೀಶ ಅದನ್ನು ತೆಗೆದುಕೊಂಡು ಆಡಿಸಿ ನೋಡಿದ. ಒಳಗೆ ಹತ್ತಿಪ್ಪತ್ತು ಕಡ್ಡಿ ಗಲಗಲ ಎಂದವು. ಇದನ್ನು ಏಜೆಂಟಿಗೆ ಯಾವ ಫಾರ್ಮಿನಲ್ಲಿ ತೋರಿಸಬೇಕು ಎಂದು ಲೆಕ್ಕ ಹಾಕುತ್ತಿದ್ದಾನೇನೋ ಎನ್ನಿಸುವ ಹಾಗೆ ಹುಬ್ಬು ಗಂಟಿಕ್ಕಿತ್ತು. ಆಮೇಲೆ ಅಂಗಳದ ಕಡೆ ನೋಡಿದ. ಹುಬ್ಬು ಸಡಿಲವಾಯಿತು. ಬೂಟು ಬಿಚ್ಚಿ ತಾಯಿಯ ಪಕ್ಕದಲ್ಲಿ ಕೂತ.

ರೂತ್ ಬಗ್ಗಿದಳು. ಮುದುಕರ ಕೈ ಮೇಲೇಳಲಿಲ್ಲ. ಗೆರ್ಟಾ ಅದನ್ನು ಎತ್ತಿ ಮಗುವಿನ ತಲೆಯ ಮೇಲಿಟ್ಟು, ಜಾರದಂತೆ ತಾವೂ ಹಿಡಿದುಕೊಂಡರು. ಎಮಾನುಯೆಲ್ ಸಣ್ಣ ದನಿಯಲ್ಲಿ ಹೇಳತೊಡಗಿದರು. ಯಾವ ಭಾಷೆಯೋ ಏನೋ. ಈ ಸಲ ತಿರುಗಿಸಿ ಹೇಳುವುದಕ್ಕೆ ತಾರಾ ಇರಲಿಲ್ಲ, ಡ್ಯೂಟಿಗೆ ಹೋಗಿದ್ದಳು. ಮಗು ಒಮ್ಮೆ ಸೀನಿತು. ಮುದುಕರು ನಿಲ್ಲಿಸಿ, ನಕ್ಕು, ಮೊದಲಿನಿಂದ ಶುರುಮಾಡಿದರು.

"ಏನಂತಿದ್ದಾರಮ್ಮ?" ಎಂದ ಲಕ್ಷ್ಮೀಶ.

"ಇನ್ನೇನಂತಾರೆ, ತಲೆ ಮೇಲೆ ಕೈಯಿಟ್ಟು ದೊಡ್ಡೋರು ಏನಂತಾರೋ ಅದನ್ನೇ," ಎಂದು ಶೇಷಮ್ಮ ಪೊಟ್ಟಣವನ್ನು ಅವನ ಕೈಯಿಂದ ಇಸಕೊಂಡು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಕಡ್ಡಿ ಸುಮ್ಮನೆ ಗೀರಿ ಖರ್ಚು ಮಾಡಬೇಡ. ಶನಿವಾರಕ್ಕೆ ಬೇಕು."